ಸಡಿಲಿಸುವ ಮಾತ್ರೆ, ಕುಗ್ಗಿಸುವ ಮಾತ್ರೆ: ಪ್ರಾಸ್ಟೇಟ್ ಬೆಳೆದಾಗ ಯಾರಿಗೆ ಯಾವುದು?

ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವನಿಗೆ ಪ್ರಾಸ್ಟೇಟ್ ಚೀಟಿ ತಂದವರು ದೂರದಿಂದಲೇ ಗೊತ್ತಾಗುತ್ತಾರೆ. ಅಂಗಡಿಯಲ್ಲಿ ಹೆಂಗಸರಿದ್ದರೆ ಅವರು ಹೋಗುವವರೆಗೆ ಪಕ್ಕಕ್ಕೆ ಸರಿದು ಗೋಡೆಯ ಕ್ಯಾಲೆಂಡರ್ ನೋಡುತ್ತಿರುತ್ತಾರೆ. ಆಮೇಲೆ ನಾಲ್ಕು ಮಡಿಕೆಯ ಚೀಟಿಯನ್ನು ಮುಂದಿಟ್ಟು, ದನಿ ತಗ್ಗಿಸಿ, "ಅದೇ ಮಾತ್ರೆ" ಎನ್ನುತ್ತಾರೆ. ಬಿಪಿ ಮಾತ್ರೆಯನ್ನು ಗಟ್ಟಿಯಾಗಿ ಕೇಳುವ ಮನುಷ್ಯನೇ ಇದನ್ನು ಕೇಳುವಾಗ ಕಳ್ಳನಂತಾಗುತ್ತಾನೆ.

ಕಳೆದ ವರ್ಷ ಬಂದ ನಿವೃತ್ತ ಮೇಷ್ಟರೊಬ್ಬರು ಹಾಗಲ್ಲ. ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಿಂದ ಮೂರು ಚೀಟಿ ತೆಗೆದು ಗಾಜಿನ ಮೇಲೆ ಸಾಲಾಗಿ ಹರಡಿದರು. ಒಂದರಲ್ಲಿ ಟ್ಯಾಮ್ಸುಲೋಸಿನ್. ಎರಡನೆಯದರಲ್ಲಿ ಟ್ಯಾಮ್ಸುಲೋಸಿನ್ ಮತ್ತು ಡುಟಾಸ್ಟರೈಡ್ ಸೇರಿದ ಜೋಡಿ ಗುಳಿಗೆ. ಮೂರನೆಯದರಲ್ಲಿ ಸಿಲೋಡೋಸಿನ್. "ಒಂದೇ ಕಾಯಿಲೆ, ಮೂವರು ಡಾಕ್ಟರು, ಮೂರು ಉತ್ತರ. ಇದರಲ್ಲಿ ಯಾರು ಪಾಸು, ಯಾರು ಫೇಲು ಹೇಳಿಬಿಡಿ" ಎಂದರು.

ಯಾರೂ ಫೇಲಾಗಿರಲಿಲ್ಲ. ಮೂವರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಬರೆದಿದ್ದರು, ಅಷ್ಟೇ. ಇವತ್ತು ರಾತ್ರಿ ಮೂತ್ರ ಸಲೀಸಾಗಿ ಹೋಗಬೇಕೆಂಬುದು ಒಂದು ಪ್ರಶ್ನೆ. ಇನ್ನು ನಾಲ್ಕೈದು ವರ್ಷದಲ್ಲಿ ಮೂತ್ರ ಪೂರ್ತಿ ಕಟ್ಟಿಕೊಂಡು ಆಪರೇಷನ್ನಿನವರೆಗೆ ಹೋಗಬಾರದೆಂಬುದು ಇನ್ನೊಂದು. ತಲೆ ಸುತ್ತಿ ಬೀಳದಂತೆ ಮೊದಲನೆಯದನ್ನು ಸಾಧಿಸುವುದು ಮೂರನೆಯದು. ನಿಮ್ಮ ಪ್ರಶ್ನೆ ಯಾವುದೆಂದು ಗೊತ್ತಾಗದೆ ಮಾತ್ರೆಗಳನ್ನು ಹೋಲಿಸಿ ಪ್ರಯೋಜನವಿಲ್ಲ.

ಇವೆಲ್ಲ ವೈದ್ಯರ ಚೀಟಿಯ ಮೇಲೆಯೇ ಕೊಡಬೇಕಾದ ಔಷಧಗಳು. ನಾನು ಬರೆಯುತ್ತಿರುವುದು ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕು ಎಂದು ತಿಳಿಯಲಿಕ್ಕೆ.

ಅಳತೆ ಮೊದಲು

ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಉಂಗುರದಂತೆ ಸುತ್ತಿಕೊಂಡಿರುತ್ತದೆ. ಹರೆಯದಲ್ಲಿ ಸುಮಾರು 20 ಗ್ರಾಂ ತೂಗುತ್ತದೆ. ವಯಸ್ಸಾದಂತೆ ಬೆಳೆಯುತ್ತದೆ, ಇದು ಕ್ಯಾನ್ಸರ್ ಅಲ್ಲ. ಬೆಳೆದ ಗ್ರಂಥಿ ಎರಡು ರೀತಿಯಲ್ಲಿ ದಾರಿ ಕಟ್ಟುತ್ತದೆ. ಗಾತ್ರದಿಂದ ನಾಳವನ್ನು ಅದುಮುವುದು ಒಂದು. ಗ್ರಂಥಿಯಲ್ಲೂ ಮೂತ್ರಕೋಶದ ಕುತ್ತಿಗೆಯಲ್ಲೂ ಇರುವ ಸ್ನಾಯುಗಳು ಬಿಗಿಯುವುದು ಇನ್ನೊಂದು. ಮುಖ್ಯ ಔಷಧಗಳ ಎರಡು ಗುಂಪು ಹುಟ್ಟಿದ್ದೂ ಇಲ್ಲಿಂದಲೇ: ಬಿಗಿತವನ್ನು ಸಡಿಲಿಸುವವು, ಗಾತ್ರವನ್ನು ಕುಗ್ಗಿಸುವವು.

ವಿಚಿತ್ರವೆಂದರೆ ಗಾತ್ರಕ್ಕೂ ತೊಂದರೆಗೂ ತಾಳಮೇಳವಿಲ್ಲ. 80 ಗ್ರಾಂ ಗ್ರಂಥಿ ಇಟ್ಟುಕೊಂಡು ಬೆಳಗಿನವರೆಗೆ ನಿದ್ರೆ ಮಾಡುವವರಿದ್ದಾರೆ. 25 ಗ್ರಾಂ ಇರುವವರು ಬಸ್ ಹತ್ತಲು ಹೆದರಿ ಮಗಳ ಮನೆಯ ಗೃಹಪ್ರವೇಶ ತಪ್ಪಿಸಿದ್ದಾರೆ. ಸ್ಕ್ಯಾನಿಂಗ್ ವರದಿಯ "ಗ್ರೇಡ್ 2" ಎಂಬ ಮಾತಿಗೆ ಬೆವರಬೇಕಾಗಿಲ್ಲ. ಅದರ ಪಕ್ಕದಲ್ಲಿರುವ ಎರಡು ಅಂಕಿಗಳು ಹೆಚ್ಚು ಕೆಲಸದವು: ಗ್ರಂಥಿ ಎಷ್ಟು ಗ್ರಾಂ ಅಥವಾ ಸಿಸಿ, ಮತ್ತು ಮೂತ್ರ ಮಾಡಿ ಬಂದ ಮೇಲೂ ಮೂತ್ರಕೋಶದಲ್ಲಿ ಎಷ್ಟು ಉಳಿದಿದೆ.

ತೊಂದರೆಯನ್ನು ಅಳೆಯಲು ಏಳು ಪ್ರಶ್ನೆಗಳ ಅಂಕಪಟ್ಟಿಯಿದೆ. ಪೂರ್ತಿ ಖಾಲಿಯಾಗದ ಭಾವನೆ, ಎರಡು ಗಂಟೆಯೊಳಗೆ ಮತ್ತೆ ಹೋಗುವುದು, ನಿಂತು ನಿಂತು ಬರುವುದು, ತಡೆಯಲಾಗದ ಅವಸರ, ಧಾರೆ ಸಣ್ಣಗಾಗುವುದು, ತಿಣುಕಬೇಕಾಗುವುದು, ರಾತ್ರಿ ಏಳುವುದು. ಪ್ರತಿಯೊಂದಕ್ಕೂ 0ರಿಂದ 5 ಅಂಕ, ಒಟ್ಟು 35. ಏಳರವರೆಗೆ ಅಲ್ಪ, 8ರಿಂದ 19 ಮಧ್ಯಮ, 20 ಮತ್ತು ಅದರ ಮೇಲೆ ತೀವ್ರ. ಅಲ್ಪದಲ್ಲಿದ್ದು ಅಷ್ಟೇನೂ ಕಿರಿಕಿರಿ ಇಲ್ಲದವರಿಗೆ ಮಾತ್ರೆಯೇ ಬೇಡವಾಗಬಹುದು. ಸಂಜೆಯ ಮೇಲೆ ಕಾಫಿ, ಟೀ ಕಡಿಮೆ ಮಾಡುವುದು, ಮೂತ್ರ ಮಾಡಿ ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಪ್ರಯತ್ನಿಸುವುದು, ವರ್ಷಕ್ಕೊಮ್ಮೆ ತೋರಿಸುವುದು ಸಾಕಾಗುತ್ತದೆ. "ತಂಪು" ಎಂದು ರಾತ್ರಿ ಎಂಟಕ್ಕೆ ಒಂದು ಚೊಂಬು ಬಾರ್ಲಿ ನೀರು ಕುಡಿದು, ನಾಲ್ಕು ಸಲ ಎದ್ದೆನೆಂದು ಪ್ರಾಸ್ಟೇಟನ್ನು ಬೈಯುವವರೂ ನನ್ನ ಗಿರಾಕಿಗಳಲ್ಲಿದ್ದಾರೆ.

ರಾತ್ರಿ ಏಳುವುದನ್ನೆಲ್ಲ ಈ ಗ್ರಂಥಿಯ ತಲೆಗೆ ಕಟ್ಟಲೂ ಬಾರದು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಕಾಲು ಊತ, ಸಂಜೆ ತೆಗೆದುಕೊಂಡ ನೀರು ಇಳಿಸುವ ಮಾತ್ರೆ, ಇವೆಲ್ಲ ಅದೇ ಕೆಲಸ ಮಾಡುತ್ತವೆ. ಶುಗರ್‌ಗೆ ಈಗ ಹೆಚ್ಚಾಗಿ ಬರೆಯುವ ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಔಷಧ. ಅದರಿಂದ ಮೂತ್ರ ಹೆಚ್ಚಾಗುವುದು ಸಹಜ. ಮೂರು ದಿನ ಒಂದು ಅಳತೆಯ ಮಗ್ ಇಟ್ಟುಕೊಂಡು, ಎಷ್ಟು ಗಂಟೆಗೆ ಎಷ್ಟು ಮಿಲಿ ಎಂದು ಹಳೆಯ ಡೈರಿಯಲ್ಲಿ ಬರೆದುಕೊಂಡು ಹೋದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ.

ಸಡಿಲಿಸುವವು

ಟ್ಯಾಮ್ಸುಲೋಸಿನ್, ಆಲ್ಫುಜೋಸಿನ್, ಸಿಲೋಡೋಸಿನ್, ಡಾಕ್ಸಜೋಸಿನ್, ಟೆರಾಜೋಸಿನ್. ಇವು ಆಲ್ಫಾ ಬ್ಲಾಕರ್ ಗುಂಪಿನವು. ಬಿಗಿದ ಸ್ನಾಯುವನ್ನು ಸಡಿಲಗೊಳಿಸುತ್ತವೆ. ಕೆಲವೇ ದಿನಗಳಲ್ಲಿ ಗುಣ ಕಾಣತೊಡಗುತ್ತದೆ, ತಿಂಗಳೊಳಗೆ ಇದು ನಿಮಗೆ ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ. ಇದೇ ಇವುಗಳ ದೊಡ್ಡ ಬಲ. ಮಿತಿಯೂ ಅಷ್ಟೇ ಸ್ಪಷ್ಟ: ಗ್ರಂಥಿ ಬೆಳೆಯುವುದನ್ನು ಇವು ನಿಲ್ಲಿಸುವುದಿಲ್ಲ.

ಧಾರೆ ಸುಧಾರಿಸುವುದರಲ್ಲಿ ಇವುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಹೊಸತು, ದುಬಾರಿ ಎಂಬ ಕಾರಣಕ್ಕೆ ಒಂದು ಇನ್ನೊಂದಕ್ಕಿಂತ ಶಕ್ತಿಯುತ ಎಂದುಕೊಳ್ಳಬೇಡಿ. ವ್ಯತ್ಯಾಸ ಇರುವುದು ಅಡ್ಡ ಪರಿಣಾಮಗಳಲ್ಲಿ.

ಡಾಕ್ಸಜೋಸಿನ್ ಮತ್ತು ಟೆರಾಜೋಸಿನ್ ಮೂಲತಃ ಬಿಪಿ ಮಾತ್ರೆಗಳು. ರಕ್ತನಾಳಗಳನ್ನೂ ಸಡಿಲಿಸುವುದರಿಂದ ಎದ್ದು ನಿಂತಾಗ ತಲೆ ಸುತ್ತುವುದು ಹೆಚ್ಚು. ಕಡಿಮೆ ಪ್ರಮಾಣದಿಂದ ಶುರುಮಾಡಿ ಏರಿಸಬೇಕು. ನಾಲ್ಕು ದಿನ ಬಿಟ್ಟು ಮತ್ತೆ ಹಿಡಿದರೆ ಕೆಳಗಿನಿಂದಲೇ ಬರಬೇಕು. ಊರಿಗೆ ಹೋದಾಗ ಮಾತ್ರೆ ಮರೆಯುವ ಹಿರಿಯರಿಗೆ ಇದು ಹೇಳಿಮಾಡಿಸಿದ್ದಲ್ಲ. "ಬಿಪಿಗೂ ಆಯಿತು, ಪ್ರಾಸ್ಟೇಟಿಗೂ ಆಯಿತು" ಎಂಬ ಲೆಕ್ಕಾಚಾರವೂ ನನಗೆ ಒಪ್ಪಿಗೆಯಿಲ್ಲ. ಬಿಪಿ ಔಷಧಗಳನ್ನು ಹೋಲಿಸಿದ ಆಲ್‌ಹ್ಯಾಟ್ ಎಂಬ ದೊಡ್ಡ ಅಧ್ಯಯನದಲ್ಲಿ ಡಾಕ್ಸಜೋಸಿನ್ ಪಡೆದವರಲ್ಲಿ ಹೃದಯ ವೈಫಲ್ಯ ಹೆಚ್ಚು ಕಂಡು, 2000ರಲ್ಲಿ ಆ ಭಾಗವನ್ನೇ ನಿಲ್ಲಿಸಲಾಯಿತು.

ಟ್ಯಾಮ್ಸುಲೋಸಿನ್ 0.4 ಮಿಲಿಗ್ರಾಂ ದಿನಕ್ಕೊಂದು, ಏರಿಸುವ ಗೋಜಿಲ್ಲ. ಬಿಪಿ ಇಳಿಸುವುದು ಕಡಿಮೆ, ಬೆಲೆಯೂ ಕೈಗೆಟುಕುವಂಥದ್ದು. ದಿನವೂ ಒಂದೇ ಊಟವಾದ ಅರ್ಧ ಗಂಟೆಗೆ ನುಂಗಬೇಕು, ಗುಳಿಗೆಯನ್ನು ಜಗಿಯಬಾರದು, ಒಡೆಯಬಾರದು. ಆಲ್ಫುಜೋಸಿನ್ 10 ಮಿಲಿಗ್ರಾಂ ಕೂಡ ಊಟದ ಮೇಲೆಯೇ. ವೀರ್ಯಸ್ಖಲನದ ತೊಂದರೆ ಇದರಲ್ಲಿ ತೀರಾ ಕಡಿಮೆ. ಯಕೃತ್ತಿನ ಕಾಯಿಲೆ ಬಲಿತವರಿಗೆ ಇದು ಸಲ್ಲದು. ಸಿಲೋಡೋಸಿನ್ 8 ಮಿಲಿಗ್ರಾಂ ಬಿಪಿಯ ತಂಟೆಗೆ ಕಡಿಮೆ ಹೋಗುತ್ತದೆ, ಆದರೆ ಸ್ಖಲನವಾಗದಿರುವ ತೊಂದರೆ ಇದರಲ್ಲೇ ಅತಿ ಹೆಚ್ಚು. ಅಮೆರಿಕದ ಪ್ರಯೋಗಗಳಲ್ಲಿ ನೂರಕ್ಕೆ ಸುಮಾರು 28 ಮಂದಿ ಇದನ್ನು ಹೇಳಿದರು. ಅಪಾಯವೇನಿಲ್ಲ, ನಿಲ್ಲಿಸಿದರೆ ಸರಿಹೋಗುತ್ತದೆ. 75 ದಾಟಿದ, ಬಿಪಿ ತಗ್ಗುವ ಭಯವಿರುವ ಹಿರಿಯರಿಗೆ ಈ ತೊಂದರೆ ಲೆಕ್ಕಕ್ಕೇ ಬಾರದಿರಬಹುದು. ಐವತ್ತೈದರವರಿಗೆ ಹೇಳದೆ ಕೊಟ್ಟರೆ ಮನೆಯಲ್ಲಿ ಸಂಶಯ ಹುಟ್ಟುತ್ತದೆ. ಕಿಡ್ನಿ ಮಧ್ಯಮ ಮಟ್ಟಕ್ಕೆ ಇಳಿದಿದ್ದರೆ ಇದರ ಪ್ರಮಾಣ 4 ಮಿಲಿಗ್ರಾಂಗೆ ಇಳಿಯಬೇಕು, ತೀವ್ರವಾಗಿ ಇಳಿದಿದ್ದರೆ ಕೊಡುವಂತಿಲ್ಲ.

ಕಿಡ್ನಿ ತೊಂದರೆಯವರ ಬಿಪಿಗೆ ಪ್ರಾಜೋಸಿನ್ ಬರೆಯುವುದು ನಮ್ಮಲ್ಲಿ ರೂಢಿ. ಅದೂ ಇದೇ ಗುಂಪಿನ ಔಷಧ. ಒಬ್ಬ ವೈದ್ಯರು ಅದನ್ನು, ಇನ್ನೊಬ್ಬರು ಟ್ಯಾಮ್ಸುಲೋಸಿನ್ ಬರೆದರೆ ಒಂದೇ ಏಟು ಎರಡು ಕಡೆಯಿಂದ ಬಿದ್ದಂತೆ. ಹಳೆಯ ಚೀಟಿಗಳನ್ನು ಒಯ್ಯಿರಿ ಎನ್ನುವುದು ಇದಕ್ಕೇ. ಯಾವ ಮಾತ್ರೆಯಾದರೂ ಮೊದಲ ಕೆಲವು ರಾತ್ರಿ ಹಾಸಿಗೆಯಿಂದ ನೇರವಾಗಿ ಏಳದೆ, ಕಾಲು ಇಳಿಬಿಟ್ಟು ಒಂದು ನಿಮಿಷ ಕುಳಿತು ಏಳಬೇಕು. ಬಚ್ಚಲಿನ ದೀಪ ಹಾಕಿಯೇ ಇರಲಿ.

ಕುಗ್ಗಿಸುವವು

ಫಿನಾಸ್ಟರೈಡ್ 5 ಮಿಲಿಗ್ರಾಂ, ಡುಟಾಸ್ಟರೈಡ್ 0.5 ಮಿಲಿಗ್ರಾಂ. ಇವುಗಳ ಹುಟ್ಟಿನ ಕತೆ ಔಷಧ ಚರಿತ್ರೆಯಲ್ಲೇ ಸೋಜಿಗದ್ದು. ಡೊಮಿನಿಕನ್ ಗಣರಾಜ್ಯದ ಸಲೀನಾಸ್ ಎಂಬ ಹಳ್ಳಿಯಲ್ಲಿ ಕೆಲವು ಮಕ್ಕಳು ಹೆಣ್ಣೆಂದು ಬೆಳೆದು, ಹರೆಯಕ್ಕೆ ಬಂದಾಗ ಗಂಡಾಗುತ್ತಿದ್ದರು. ಜೂಲಿಯಾನ್ ಇಂಪೆರಾಟೊ ಮೆಕ್‌ಗಿನ್ಲಿ ಎಂಬ ವೈದ್ಯೆ ಮತ್ತು ಸಂಗಡಿಗರು ಅದರ ಕಾರಣವನ್ನು 1974ರಲ್ಲಿ ಪ್ರಕಟಿಸಿದರು. ಟೆಸ್ಟೋಸ್ಟೆರಾನನ್ನು ಡಿಎಚ್‌ಟಿ ಎಂಬ ಇನ್ನೂ ಪ್ರಬಲ ಹಾರ್ಮೋನಾಗಿ ಬದಲಿಸುವ ಕಿಣ್ವ ಅವರಲ್ಲಿ ಕೊರತೆಯಾಗಿತ್ತು. ಆ ಗಂಡಸರ ಪ್ರಾಸ್ಟೇಟ್ ಚಿಕ್ಕದಾಗಿಯೇ ಉಳಿದಿತ್ತು, ತಲೆಯೂ ಬೋಳಾಗಿರಲಿಲ್ಲ. ಆ ಕಿಣ್ವವನ್ನು ಮಾತ್ರೆಯಿಂದಲೇ ತಡೆದರೆ ಹೇಗೆ ಎಂಬ ಯೋಚನೆ ಬೆಳೆದು 1992ರಲ್ಲಿ ಫಿನಾಸ್ಟರೈಡ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಐದು ವರ್ಷಕ್ಕೆ ಅದರ 1 ಮಿಲಿಗ್ರಾಂ ಮಾತ್ರೆ ಕೂದಲಿಗೆಂದು ಬಂತು. ತಂದೆಯೂ ಮಗನೂ ಒಂದೇ ಔಷಧವನ್ನು ಬೇರೆ ಬೇರೆ ಕಾರಣಕ್ಕೆ ನನ್ನಿಂದ ಒಯ್ಯುತ್ತಿರುವುದು ಅವರಿಬ್ಬರಿಗೂ ಗೊತ್ತಿಲ್ಲ.

ಇವು ಆರು ತಿಂಗಳಿಂದ ಒಂದು ವರ್ಷದಲ್ಲಿ ಗ್ರಂಥಿಯನ್ನು ನಾಲ್ಕನೇ ಒಂದು ಭಾಗದಷ್ಟು ಕುಗ್ಗಿಸಬಲ್ಲವು. "ಒಂದು ತಿಂಗಳು ನುಂಗಿದೆ, ಏನೂ ಗುಣವಿಲ್ಲ" ಎಂದು ನಿಲ್ಲಿಸಿದವರು ದುಡ್ಡು ದಂಡ ಮಾಡಿಕೊಂಡಂತೆ. ಕುಗ್ಗಲು ದೊಡ್ಡ ಗ್ರಂಥಿ ಇರಬೇಕು, 30ರಿಂದ 40 ಗ್ರಾಂ ದಾಟಿರಬೇಕು. ಚಿಕ್ಕ ಗ್ರಂಥಿಯವರಿಗೆ ಇದರಿಂದ ಸಿಗುವುದು ಬಹುಪಾಲು ಅಡ್ಡ ಪರಿಣಾಮ ಮಾತ್ರ: ಕಾಮಾಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ, ಕೆಲವರಿಗೆ ಎದೆ ಭಾಗ ಉಬ್ಬಿ ನೋಯುವುದು, ಮನಸ್ಸು ಕುಗ್ಗುವುದು.

ದೊಡ್ಡ ಗ್ರಂಥಿಯವರಿಗೆ ಸಿಗುವ ಲಾಭ ಮಾತ್ರ ನಿಜವಾದದ್ದು. 1998ರಲ್ಲಿ ಪ್ರಕಟವಾದ, ಸುಮಾರು ಮೂರು ಸಾವಿರ ಮಂದಿಯ ನಾಲ್ಕು ವರ್ಷದ ಅಧ್ಯಯನದಲ್ಲಿ ಫಿನಾಸ್ಟರೈಡ್ ತೆಗೆದುಕೊಂಡವರಲ್ಲಿ ನೂರಕ್ಕೆ 3 ಮಂದಿಗೆ ಮೂತ್ರ ಪೂರ್ತಿ ಕಟ್ಟಿತು, ಔಷಧವಿಲ್ಲದ ಹುಸಿ ಮಾತ್ರೆಯವರಲ್ಲಿ 7 ಮಂದಿಗೆ. ಆಪರೇಷನ್ ಆದವರು ನೂರಕ್ಕೆ 5 ಮತ್ತು 10. ಹೊಟ್ಟೆ ಉಬ್ಬಿ ಕ್ಯಾತಿಟರ್ (ಮೂತ್ರ ತೆಗೆಯುವ ಕೊಳವೆ) ಹಾಕಿಸಿಕೊಂಡ ರಾತ್ರಿಯನ್ನು ಒಮ್ಮೆ ಕಂಡವರಿಗೆ ಈ ಅಂಕಿಗಳ ಬೆಲೆ ವಿವರಿಸಬೇಕಾಗಿಲ್ಲ.

ಫಿನಾಸ್ಟರೈಡೋ ಡುಟಾಸ್ಟರೈಡೋ ಎಂಬ ಚರ್ಚೆಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಡುಟಾಸ್ಟರೈಡ್ ಆ ಕಿಣ್ವದ ಎರಡೂ ಬಗೆಗಳನ್ನು ತಡೆದು ಡಿಎಚ್‌ಟಿಯನ್ನು ಶೇಕಡಾ 90ಕ್ಕಿಂತ ಹೆಚ್ಚು ಇಳಿಸುತ್ತದೆ, ಫಿನಾಸ್ಟರೈಡ್ ಶೇಕಡಾ 70ರಷ್ಟು. ಕಾಗದದ ಮೇಲೆ ದೊಡ್ಡ ಅಂತರ, ಬಚ್ಚಲಿನಲ್ಲಿ ಅಷ್ಟಿಲ್ಲ. ಆದರೆ ಡುಟಾಸ್ಟರೈಡ್ ಮೈಯಿಂದ ಹೋಗಲು ತಿಂಗಳುಗಳೇ ಬೇಕು. ನಿಲ್ಲಿಸಿದ ಆರು ತಿಂಗಳವರೆಗೆ ರಕ್ತದಾನ ಮಾಡುವಂತಿಲ್ಲ. ಮನೆಯಲ್ಲಿ ಬಸುರಿ ಸೊಸೆ ಇದ್ದರೆ ಸೋರುತ್ತಿರುವ ಗುಳಿಗೆಯನ್ನಾಗಲಿ ಮುರಿದ ಮಾತ್ರೆಯನ್ನಾಗಲಿ ಆಕೆ ಮುಟ್ಟಬಾರದು, ಗಂಡು ಮಗುವಿನ ಅಂಗರಚನೆಗೆ ಅದು ಕೇಡು.

ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವ ವಿಷಯ ಪಿಎಸ್ಎ, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಹಿಡಿಯಲು ಮಾಡುವ ರಕ್ತಪರೀಕ್ಷೆ. ಈ ಮಾತ್ರೆಗಳು ಆರು ತಿಂಗಳಲ್ಲಿ ಪಿಎಸ್ಎ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ವರ್ಷದಿಂದ ಡುಟಾಸ್ಟರೈಡ್ ನುಂಗುತ್ತಿರುವವರ ವರದಿಯಲ್ಲಿ 2.4 ಎಂದಿದ್ದರೆ ಅದನ್ನು 4.8 ಎಂದು ಓದಬೇಕು. ಪ್ರಯೋಗಾಲಯದ ಯಂತ್ರಕ್ಕೆ ನೀವು ನುಂಗುವ ಮಾತ್ರೆ ಗೊತ್ತಿಲ್ಲ, ಅದು "ಸಹಜ" ಎಂದೇ ಮುದ್ರಿಸುತ್ತದೆ. ಮಾತ್ರೆ ಶುರುಮಾಡುವ ಮೊದಲೇ ಒಂದು ಪಿಎಸ್ಎ ಮಾಡಿಸಿಟ್ಟುಕೊಳ್ಳಿ. ಒಮ್ಮೆ ಇಳಿದ ಅಂಕಿ ಮಾತ್ರೆ ನುಂಗುತ್ತಿರುವಾಗಲೇ ಏರತೊಡಗಿದರೆ ತಡಮಾಡದೆ ತೋರಿಸಿ.

ಜೋಡಿ ಗುಳಿಗೆಯ ಲೆಕ್ಕ

ನನ್ನ ತಕರಾರು ಇರುವುದು ಇಲ್ಲಿ. ಟ್ಯಾಮ್ಸುಲೋಸಿನ್ ಮತ್ತು ಡುಟಾಸ್ಟರೈಡ್ ಸೇರಿದ ಗುಳಿಗೆ ಒಳ್ಳೆಯ ಔಷಧ. ಆದರೆ ಮೊದಲ ದಿನವೇ, ಗಾತ್ರ ನೋಡದೆ, ಎಲ್ಲರಿಗೂ ಬರೆದು, ಆಮೇಲೆ ಹತ್ತು ವರ್ಷ ಯಾರೂ ತಿರುಗಿ ನೋಡದ ಔಷಧವೂ ಅದೇ.

ಇದರ ಹಿಂದಿರುವ ಮುಖ್ಯ ಅಧ್ಯಯನ ಕಾಂಬ್ಯಾಟ್. 4,844 ಮಂದಿ, ನಾಲ್ಕು ವರ್ಷ. ಮೂತ್ರ ಕಟ್ಟಿದವರು ಅಥವಾ ಆಪರೇಷನ್ ಆದವರು ಟ್ಯಾಮ್ಸುಲೋಸಿನ್ ಗುಂಪಿನಲ್ಲಿ ನೂರಕ್ಕೆ ಸುಮಾರು 12, ಡುಟಾಸ್ಟರೈಡ್ ಗುಂಪಿನಲ್ಲಿ 5, ಜೋಡಿಯಲ್ಲಿ 4. ಅಂದರೆ ಮುಂದಿನ ಅಪಾಯವನ್ನು ತಡೆಯುವ ಕೆಲಸವನ್ನೆಲ್ಲ ಹೆಚ್ಚುಕಡಿಮೆ ಡುಟಾಸ್ಟರೈಡೇ ಮಾಡುತ್ತದೆ, ಟ್ಯಾಮ್ಸುಲೋಸಿನ್ ಇಂದಿನ ಸಂಕಟವನ್ನು ನೀಗುತ್ತದೆ. ಇಲ್ಲಿ ಯಾರೂ ಎತ್ತಿ ಹೇಳದ ಮಾತೊಂದಿದೆ. ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದೇ ಗ್ರಂಥಿ 30 ಸಿಸಿಗಿಂತ ದೊಡ್ಡದಿದ್ದು, ಪಿಎಸ್ಎ 1.5 ದಾಟಿದವರನ್ನು. ಅದರ ಫಲವನ್ನು 22 ಗ್ರಾಂ ಗ್ರಂಥಿಯವರ ಖಾತೆಗೆ ಜಮಾ ಮಾಡುವಂತಿಲ್ಲ. ಜೋಡಿ ನುಂಗುವವರು ಎರಡೂ ಔಷಧಗಳ ಅಡ್ಡ ಪರಿಣಾಮಗಳಿಗೆ ಸಿದ್ಧರಿರಬೇಕು ಎನ್ನುವುದನ್ನೂ ಮರೆಯಬಾರದು.

ಇನ್ನೊಂದು ವಿಷಯ. ಆರೇಳು ತಿಂಗಳಲ್ಲಿ ಗ್ರಂಥಿ ಕುಗ್ಗಿದ ಮೇಲೆ ಟ್ಯಾಮ್ಸುಲೋಸಿನ್ ಬಿಡಬಹುದೇ? ತೊಂದರೆ ಮಧ್ಯಮವಾಗಿದ್ದ ಬಹಳ ಮಂದಿಗೆ ಬಿಡಬಹುದು. ಹಾಗೆ ಬಿಡಿಸಿ ನೋಡಿದ ಅಧ್ಯಯನದಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಏನೂ ಹದಗೆಡಲಿಲ್ಲ. ತೀವ್ರ ತೊಂದರೆ ಇದ್ದವರಿಗೆ ಅಷ್ಟು ಸುಲಭವಲ್ಲ. ಒಂದೇ ಗುಳಿಗೆಯಲ್ಲಿ ಎರಡನ್ನೂ ತುಂಬಿದ್ದರೆ ಈ ಪ್ರಯತ್ನಕ್ಕೆ ಆಸ್ಪದವೇ ಇರುವುದಿಲ್ಲ. ಬೇರೆ ಬೇರೆ ಮಾತ್ರೆ ಬರೆದುಕೊಡಿ ಎಂದು ಕೇಳಲು ಸಂಕೋಚ ಬೇಡ. ಜನೌಷಧಿ ಕೇಂದ್ರದಲ್ಲಿ ವಿಚಾರಿಸಿದರೆ ಖರ್ಚೂ ಇಳಿಯುತ್ತದೆ. ಇದನ್ನು ಬರೆಯುವಾಗ ನನ್ನ ವ್ಯಾಪಾರವೇ ನನ್ನನ್ನು ದುರುಗುಟ್ಟಿ ನೋಡುತ್ತಿದೆ.

ಮೇಷ್ಟರ ವರದಿ ತೆಗೆದು ನೋಡಿದೆ. ಗ್ರಂಥಿ 26 ಗ್ರಾಂ, ಉಳಿದ ಮೂತ್ರ 40 ಮಿಲಿ, ಪಿಎಸ್ಎ 0.9. ಎರಡನೇ ಚೀಟಿಯ ಡಾಕ್ಟರಲ್ಲಿಗೇ ಹೋಗಿ ಒಂದೇ ಪ್ರಶ್ನೆ ಕೇಳಿ ಎಂದೆ: "ಇಷ್ಟು ಗಾತ್ರಕ್ಕೆ ನನಗೆ ಕುಗ್ಗಿಸುವ ಔಷಧ ಬೇಕೇ?" ಮರುದಿನ ಜೋಡಿಯ ಹೆಸರು ಹೊಡೆದುಹಾಕಿ ಟ್ಯಾಮ್ಸುಲೋಸಿನ್ ಒಂದೇ ಬರೆದಿದ್ದ ಚೀಟಿ ತಂದರು.

ಉಳಿದವು

ಟಡಾಲಾಫಿಲ್ 5 ಮಿಲಿಗ್ರಾಂ ದಿನಕ್ಕೊಂದು. ನಿಮಿರುವಿಕೆಯ ತೊಂದರೆಗೆ ಹೆಸರಾದ ಈ ಔಷಧಕ್ಕೆ 2011ರಲ್ಲಿ ಅಮೆರಿಕ ಪ್ರಾಸ್ಟೇಟಿಗೂ ಒಪ್ಪಿಗೆ ಕೊಟ್ಟಿತು. ಎರಡೂ ತೊಂದರೆ ಇರುವವರಿಗೆ ಒಂದೇ ಮಾತ್ರೆಯಲ್ಲಿ ಮುಗಿಯುತ್ತದೆ. ಆದರೆ ಎದೆನೋವಿಗೆಂದು ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆಗಳ ಜೊತೆ ಇದು ಪ್ರಾಣಕ್ಕೇ ಅಪಾಯ, ಬಿಪಿ ಪಾತಾಳಕ್ಕಿಳಿಯುತ್ತದೆ. ನಾಚಿಕೆಯಿಂದ ಇದನ್ನು ಹೃದಯದ ಡಾಕ್ಟರಿಗೆ ಹೇಳದವರೇ ಹೆಚ್ಚು.

ಧಾರೆ ಚೆನ್ನಾಗಿದ್ದು ಅವಸರವೇ ಮುಖ್ಯ ತೊಂದರೆಯಾಗಿದ್ದರೆ ಮೂತ್ರಕೋಶವನ್ನು ಶಾಂತಗೊಳಿಸುವ ಔಷಧ ಸೇರಿಸುತ್ತಾರೆ. ಸಾಲಿಫೆನಾಸಿನ್, ಟೋಲ್ಟೆರೋಡಿನ್, ಆಕ್ಸಿಬ್ಯುಟಿನಿನ್ ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ, ವಯಸ್ಸಾದವರ ನೆನಪನ್ನೂ ಮಂಕಾಗಿಸಬಹುದು. ಎಂಬತ್ತರ ತಾತನಿಗೆ ಇವುಗಳಿಗಿಂತ ಮಿರಾಬೆಗ್ರಾನ್ ಮೇಲು, ಬಿಪಿ ಹತೋಟಿಯಲ್ಲಿದ್ದರೆ. ಮೂತ್ರ ಬಹಳ ಉಳಿಯುತ್ತಿರುವವರಿಗೆ ಈ ಗುಂಪು ಬೇಡ.

ಸಾ ಪಾಲ್ಮೆಟ್ಟೊ ಎಂಬ ಗಿಡಮೂಲಿಕೆ ಗುಳಿಗೆ ಆನ್‌ಲೈನಿನಲ್ಲಿ ಭರ್ಜರಿಯಾಗಿ ಮಾರಾಟವಾಗುತ್ತದೆ. 2006ರಲ್ಲೂ 2011ರಲ್ಲೂ ಅಮೆರಿಕದ ಎರಡು ಒಳ್ಳೆಯ ಪ್ರಯೋಗಗಳು ಅದನ್ನು ಹುಸಿ ಮಾತ್ರೆಯ ಪಕ್ಕಕ್ಕಿಟ್ಟು ನೋಡಿದವು. ಎರಡನೆಯದರಲ್ಲಿ ಮೂರು ಪಟ್ಟು ಪ್ರಮಾಣ ಕೊಟ್ಟರೂ ವ್ಯತ್ಯಾಸ ಕಾಣಲಿಲ್ಲ. ನೆಗ್ಗಿಲ ಮುಳ್ಳಿನ ಕಷಾಯ ಕುಡಿಯುವವರು ಅದನ್ನು ಡಾಕ್ಟರಿಗೆ ಹೇಳಿ ಕುಡಿಯಿರಿ, ಅದರ ನಂಬಿಕೆಯ ಮೇಲೆ ಮಾತ್ರೆ ಬಿಡಬೇಡಿ.

ಮೂತ್ರ ಪೂರ್ತಿ ಕಟ್ಟಿದರೆ, ರಕ್ತ ಕಂಡರೆ, ಪದೇ ಪದೇ ಸೋಂಕಾದರೆ, ಮೂತ್ರಕೋಶದಲ್ಲಿ ಕಲ್ಲಾಗಿದ್ದರೆ, ಕಿಡ್ನಿ ಊದಿದ್ದರೆ ಮಾತ್ರೆಗಳ ಹೋಲಿಕೆ ಸಾಕುಮಾಡಿ ಯುರಾಲಜಿಸ್ಟ್ ಬಳಿ ಹೋಗಬೇಕು.

ಎರಡು ತಪ್ಪುಗಳು

ಮೊದಲನೆಯದು ನನ್ನದೇ. ಅಂಗಡಿ ಇಟ್ಟ ಹೊಸದರಲ್ಲಿ, ಮದುವೆಗೆಂದು ಬಂದಿದ್ದ ಹಿರಿಯರೊಬ್ಬರು ನೆಗಡಿಗೆ ಮಾತ್ರೆ ಕೇಳಿದರು. ಕೈಗೆ ಸಿಕ್ಕ ಪಟ್ಟಿಯಿಂದ ನಾಲ್ಕು ಕತ್ತರಿಸಿ ಕೊಟ್ಟೆ, ಬೇರೇನೂ ಕೇಳಲಿಲ್ಲ. ರಾತ್ರಿ ಎರಡು ಗಂಟೆಗೆ ಅವರ ಮಗ ಮನೆ ಬಾಗಿಲು ಬಡಿದ: ಅಪ್ಪನಿಗೆ ಸಂಜೆಯಿಂದ ಒಂದು ಹನಿಯೂ ಹೋಗಿಲ್ಲ. ನೆಗಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿರುವ ಫಿನೈಲೆಫ್ರಿನ್ ಅದೇ ಸ್ನಾಯುವನ್ನು ಬಿಗಿಗೊಳಿಸುತ್ತದೆ, ಕ್ಲೋರ್‌ಫೆನಿರಮೈನ್ ಮೂತ್ರಕೋಶದ ಹಿಂಡುವ ಶಕ್ತಿಯನ್ನು ತಗ್ಗಿಸುತ್ತದೆ. ಅವರು ಮೊದಲಿಂದ ನುಂಗುತ್ತಿದ್ದ ಟ್ಯಾಮ್ಸುಲೋಸಿನ್ ಒಂದು ಕಡೆ ಸಡಿಲಿಸುತ್ತಿದ್ದುದನ್ನು ನನ್ನ ನಾಲ್ಕು ಮಾತ್ರೆ ಇನ್ನೊಂದು ಕಡೆ ಬಿಗಿದಿದ್ದವು. ನಿದ್ರೆಗೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಹೀಗೆ ಮಾಡಬಲ್ಲದು. ಅಂದಿನಿಂದ ಐವತ್ತು ದಾಟಿದ ಗಂಡಸು ನೆಗಡಿ ಮಾತ್ರೆ ಕೇಳಿದರೆ, ಅಂಗಡಿಯಲ್ಲಿ ಎಷ್ಟೇ ಜನರಿರಲಿ, "ಮೂತ್ರ ಸರಾಗವಾಗಿ ಹೋಗುತ್ತದೆಯೇ?" ಎಂದು ಕೇಳದೆ ಕೊಡುವುದಿಲ್ಲ. ಕೆಲವರು ಸಿಟ್ಟಾಗುತ್ತಾರೆ.

ಎರಡನೆಯದು ಆಗುವುದರಲ್ಲಿತ್ತು. ಈ ಬೇಸಿಗೆಯಲ್ಲಿ ಮೇಷ್ಟರು ಬಂದು, ಮುಂದಿನ ಬುಧವಾರ ಕಣ್ಣಿನ ಪೊರೆ ತೆಗೆಸುತ್ತೇನೆ, ಹದಿನೈದು ದಿನದ ಮಾತ್ರೆ ಕಟ್ಟಿಕೊಡಿ ಎಂದರು. ಟ್ಯಾಮ್ಸುಲೋಸಿನ್ ವಿಷಯ ಕಣ್ಣಿನ ಡಾಕ್ಟರಿಗೆ ಹೇಳಿದ್ದೀರಾ ಎಂದೆ. "ಬಿಪಿ, ಶುಗರ್‌ಗೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಇಲ್ಲ ಎಂದೆ. ಅದು ಸತ್ಯ ತಾನೇ?" ಎಂದರು. ಸತ್ಯವೇ. ಆದರೆ ಈ ಔಷಧ ಕಣ್ಣಿನ ಪಾಪೆಯ ಸ್ನಾಯುವನ್ನೂ ಸಡಿಲಿಸುತ್ತದೆ. ಶಸ್ತ್ರಚಿಕಿತ್ಸೆಯ ನಡುವೆ ಪಾಪೆ ಕುಗ್ಗಿ, ಅದರ ಸುತ್ತಲಿನ ಬಣ್ಣದ ಭಾಗ ಗಾಳಿಗೆ ಸಿಕ್ಕ ಪರದೆಯಂತೆ ಅಲುಗಾಡತೊಡಗುತ್ತದೆ. ಇದನ್ನು ವೈದ್ಯರು ಗುರುತಿಸಿ ಹೇಳಿದ್ದೇ 2005ರಲ್ಲಿ. ಒಂದೆರಡು ವಾರ ಮೊದಲು ಮಾತ್ರೆ ನಿಲ್ಲಿಸಿದರೂ ಅಪಾಯ ಪೂರ್ತಿ ಹೋಗುವುದಿಲ್ಲ, ಆದ್ದರಿಂದ ತಾವಾಗಿ ನಿಲ್ಲಿಸುವುದರಲ್ಲಿ ಅರ್ಥವಿಲ್ಲ. ಮೊದಲೇ ಗೊತ್ತಿದ್ದರೆ ಕಣ್ಣಿನ ಡಾಕ್ಟರು ಬೇಕಾದ ಸಿದ್ಧತೆ ಮಾಡಿಕೊಳ್ಳುತ್ತಾರೆ. ಪೊರೆ ಬಂದಿದ್ದು, ಈ ಮಾತ್ರೆಯನ್ನು ಇನ್ನೂ ಶುರುಮಾಡದವರು ಕಣ್ಣಿನ ಕೆಲಸ ಮುಗಿಸಿಕೊಂಡೇ ಶುರುಮಾಡಬಹುದೇ ಎಂದು ಕೇಳುವುದು ಒಳ್ಳೆಯದು.

ಮೇಷ್ಟರು ಆ ಮಾತ್ರೆಯ ಖಾಲಿ ಪಟ್ಟಿಯೊಂದನ್ನು ಕೇಳಿ ಪಡೆದು, ನನ್ನ ಸ್ಟೇಪ್ಲರ್‌ನಿಂದಲೇ ಕಣ್ಣಿನ ಆಸ್ಪತ್ರೆಯ ಫೈಲಿನ ಮೊದಲ ಹಾಳೆಗೆ ಹೊಡೆದರು. ಕೆಳಗೆ ಕೆಂಪು ಶಾಯಿಯಲ್ಲಿ "ಇದನ್ನು ನೋಡುವುದು" ಎಂದು ಬರೆದು, ಎರಡು ಗೆರೆ ಎಳೆದು, ರುಜು ಹಾಕಿದರು.